ಬೋರಲಿಟ್ಟ ಹರವಿ

ಸೋನಾಬಾಯಿ ಸಿಟ್ಟು ಬಂದರೆ ಕೂಗಾಡುವ ಪೈಕಿಯಲ್ಲ. ತಾಟಿನಲ್ಲಿದ್ದ ಒಂದು ಪದಾರ್ಥವನ್ನು ಬೆರಳಿನಿಂದ ಮೆಲ್ಲಗೆ ಅಂಚಿಗೆ ಸರಿಸಿ, "ಇನ್ನ ಇದು ನನಗ ತ್ಯಾಗ" ಎನ್ನುವಳು. ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಆ ಪದಾರ್ಥ ಆ ತಾಟಿನ ಹತ್ತಿರ ಸುಳಿಯುವಂತಿಲ್ಲ. ಬೇಡಕಿಹಾಳದ ಜೈನರ ಓಣಿಯಲ್ಲಿ ಪರ್ವದ ದಿನಗಳಲ್ಲಿ ಹಾಲನ್ನೋ ತುಪ್ಪವನ್ನೋ ಬಿಡುವವರು ಮನೆಗೊಬ್ಬರು ಸಿಗುತ್ತಾರೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಸೊಸೆಯ ಮೇಲಿನ ಮುನಿಸಿಗೆ ಮೂರು ವರ್ಷದಲ್ಲಿ ಬೆಲ್ಲ, ತುಪ್ಪ, ಹಾಲು, ಮೊಸರು, ಎಣ್ಣೆ ಐದನ್ನೂ ಬಿಟ್ಟು, ಜೈನರು ಎಣಿಸುವ ಆರು ರಸಗಳಲ್ಲಿ ಉಪ್ಪೊಂದನ್ನೇ ಉಳಿಸಿಕೊಂಡು ಕೂತವಳು ಈ ಮುದುಕಿ ಒಬ್ಬಳೇ. ಅದೂ ಎಂಥ ಮನೆಯಲ್ಲಿ? ಸ್ವಂತ ಗಾಣವಿದ್ದ, ಚಳಿಗಾಲ ಪೂರ್ತಿ ಉಟ್ಟ ಬಟ್ಟೆಯಿಂದಲೂ ಬೆಲ್ಲದ ವಾಸನೆ ಹೋಗದ ಮನೆಯಲ್ಲಿ.

ಸೊಸೆ ಮಂಗಲಳ ತಪ್ಪೆಂದರೆ ಅವಳು ಹರವಿ ಎಂಬ ದೊಡ್ಡ ಮಣ್ಣಿನ ಗಡಿಗೆ ಮಾಡಿ ಸುಡುತ್ತಿದ್ದಳು.

ಮದುವೆಗೆ ಮುಂಚೆ ಮಂಗಲ ಕೊಲ್ಲಾಪುರದಲ್ಲಿ ಎರಡು ವರ್ಷ ಚಿತ್ರಕಲೆ ಕಲಿತವಳು. ಮದುವೆಯಾದ ಮೇಲೆ ಆ ಕಲೆ ದೀಪಾವಳಿಯ ರಂಗೋಲಿಗೂ ಮಕ್ಕಳ ಶಾಲೆಯ ನಕಾಶೆಗೂ ಇಳಿದಿತ್ತು. ಅದಕ್ಕೆ ಅವಳೇನೂ ಕೊರಗಿರಲಿಲ್ಲ. ಎಂಬತ್ತೊಂಬತ್ತನೆಯ ಇಸವಿಯಲ್ಲಿ ಅವಳ ಗಂಡ ದಾದಾಸಾಹೇಬ ಹೊಳೆಯಿಂದ ಕಬ್ಬಿಗೆ ನೀರು ತರಲು ಪೈಪ್‌ಲೈನ್ ಹಾಕಿಸಿದ. ಆಳುದ್ದ ನೆಲ ಅಗೆದಾಗ ಮಣ್ಣಿನ ಜೊತೆ ಒಂದಷ್ಟು ಬೋಕಿ, ಒಡೆದ ಗಡಿಗೆಯ ಚೂರುಗಳು, ಮೇಲೆ ಬಂದವು. ಬುತ್ತಿ ಕೊಡಲು ಹೋಗಿದ್ದ ಮಂಗಲ ಅಂಗೈಯಗಲದ ಒಂದನ್ನು ಎತ್ತಿ, ಸೆರಗಿನಿಂದ ಒರೆಸಿ ನೋಡಿದಳು. ಹೊರಗೆ ಕೆಂಪು, ಒಳಗೆ ಕಾಡಿಗೆಯಂಥ ಕಪ್ಪು. ಬಳಿದ ಬಣ್ಣವೆಂದು ಉಗುರಿನಿಂದ ಕೆರೆದಳು, ಏಳಲಿಲ್ಲ. ಒಂದೇ ಮಣ್ಣು, ಒಂದೇ ಬೆಂಕಿ, ಎರಡು ಬಣ್ಣ. ಎಷ್ಟು ನೂರು ವರ್ಷದ್ದೋ ದೇವರಿಗೇ ಗೊತ್ತು.

"ಹಳೀ ಬೋಕಿ. ಒಗಿ ಅತ್ಲಾಗ," ಎಂದ ದಾದಾಸಾಹೇಬ.

ಮಂಗಲ ಒಗೆಯಲಿಲ್ಲ. ಅಡುಗೆಮನೆಯ ಮಾಡದಲ್ಲಿ ಇಟ್ಟುಕೊಂಡಳು. ರೊಟ್ಟಿ ಬಡಿಯುವಾಗ, ಬೇಳೆ ಕುದಿಯುವಾಗ ಅದು ಕಣ್ಣಿಗೆ ಬೀಳುತ್ತಿತ್ತು. ಇದನ್ನು ಹೇಗೆ ಮಾಡಿದರು ಎಂಬ ಪ್ರಶ್ನೆ ತಲೆಯಲ್ಲಿ ಹೊಕ್ಕಿದ್ದು ಹೊರಡಲೇ ಇಲ್ಲ. ನಿಪ್ಪಾಣಿಯ ಸಂತೆಯಲ್ಲಿ ಗಡಿಗೆ ಮಾರುವವರನ್ನು ಕೇಳಿದಳು, ಅವರು ನಕ್ಕರು. ಕೊನೆಗೆ ಯಾರೋ ಪಾಲಬಾವಿಯ ಕುಂಬಾರ ಶಿವಗಂಗವ್ವನ ಹೆಸರು ಹೇಳಿದರು. ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದಳು.

ಶಿವಗಂಗವ್ವನಿಗೆ ಅರವತ್ತು ದಾಟಿತ್ತು. ಅವರ ಮನೆತನದಲ್ಲಿ ತಿಗರಿ ತಿರುಗಿಸುವುದು ಗಂಡಸರ ಕೆಲಸ, ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ದೊಡ್ಡ ಹರವಿಗಳನ್ನು ಹೆಂಗಸರು ಬರೀ ಕೈಯಲ್ಲೇ ಎಬ್ಬಿಸುತ್ತಿದ್ದರು. ಹೆಬ್ಬೆರಳು ದಪ್ಪದ ಮಣ್ಣಿನ ಬತ್ತಿ ಹೊಸೆದು, ಒಂದರ ಮೇಲೊಂದು ಸುತ್ತುತ್ತ, ಒಳಗೆ ಗುಂಡುಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತ ಹೋಗುವುದು. ತಿಗರಿ ತಿರುಗುವ ಬದಲು ಮಾಡುವವಳೇ ಹರವಿಯ ಸುತ್ತ ತಿರುಗುವುದು.

ಬೋಕಿ ನೋಡಿ ಶಿವಗಂಗವ್ವ ಹುಬ್ಬೇರಿಸಿದಳು. "ಅಯ್ಯ, ಇದನ್ನ ಎಲ್ಲಿಂದ ತಂದ್ರಿ ಅಕ್ಕಾರ? ನಮ್ಮ ಅಜ್ಜಿ ಹಿಂಗ ಸುಡತಿದ್ಳು, ಸಣ್ಣಾಕಿದ್ದಾಗ ನೋಡೀನಿ. ಹರವಿ ಡಬ್ಬ ಹಾಕಬೇಕ್ರಿ. ಬಾಯಿ ಕೆಳಗ. ಒಳಗ ಭತ್ತದ ಹೊಟ್ಟ ತುಂಬಬೇಕು, ಬಾಯಿ ಸುತ್ತ ಬೂದಿ ಮೆತ್ತಬೇಕು. ಹೊರಗ ಗಾಳಿ ಆಡ್ತೈತಿ, ಕೆಂಪಾಗ್ತೈತಿ. ಒಳಗ ಗಾಳಿ ಇಲ್ಲ, ಹೊಗಿ ಕುಡದು ಕುಡದು ಕರ್ರಗ ಆಗ್ತೈತಿ. ಪೂರಾ ಆರೂತನಕ ಎತ್ತಬಾರದು ನೋಡ್ರಿ. ಒಂದ ಉಸಿರು ಗಾಳಿ ಹೊಕ್ಕತಂದ್ರ ಮುಗೀತು."

ಇನ್ನೂ ಒಂದು ಮಾತು ಹೇಳಿದಳು. ಒಳಗಿನ ಹೊಟ್ಟು ಗಾಳಿಯಿಲ್ಲದೆ ಕಮರುವಾಗ, ಅದರ ಹೊಗೆ ಬೂದಿಯ ಸಂದಿಯಿಂದ ನುಸುಳುವಾಗ, ಸಣ್ಣಗೆ ಸಿಳ್ಳೆಯಂಥ ಸದ್ದು ಬರುತ್ತದೆ. "ಹೊಟ್ಟ ಅಳ್ತೈತಿ ಅಂತೀವ್ರಿ ನಾವು. ಅತ್ರ ಅಳ್ಲಿ, ನೀವು ಸುಮ್ಮನಿರ್ರಿ."

ಮಂಗಲ ಅದನ್ನೆಲ್ಲ ಮನಸ್ಸಿನಲ್ಲಿ ಬರೆದುಕೊಂಡು ಬಂದು, ಹಿತ್ತಲಲ್ಲಿ ತಗ್ಗು ತೋಡಿ, ಮೊದಲ ಹರವಿಗೆ ಬೆಂಕಿ ಹಚ್ಚಿದಳು. ಹಚ್ಚುವ ಮೊದಲು ಅತ್ತೆಗೆ ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತೋ! ಹೇಳಲಿಲ್ಲ.

ಸೋನಾಬಾಯಿ ಬಸ್ತಿಯಿಂದ ಬರುವಷ್ಟರಲ್ಲಿ ಹಿತ್ತಲಲ್ಲಿ ಸಗಣಿಯ ಕುಳ್ಳಿನ ಆಳೆತ್ತರದ ಉರಿ. ಆಕೆ ಕುಡಿಯುವ ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಅದೇ ಬಾವಿಗೆ ಬಿಟ್ಟು ಬರುವವಳು. ಉರಿಯ ಎದುರು ನಿಂತಳು.

"ಮಣ್ಣಿನಾಗ ಜೀವ, ಬೆಂಕ್ಯಾಗ ಜೀವ, ಕುಳ್ಳಿನಾಗಂತೂ ಎಷ್ಟ ಹುಳಾ ಇದ್ದಾವು. ಎಲ್ಲಾ ಸುಟ್ಟಿ?"

ಮಂಗಲಗೂ ಬಾಯಿಯಿತ್ತು. "ಗಾಣದ ಮನ್ಯಾಗ ಮೂರು ತಿಂಗಳ ಒಲಿ ಆರೂದಿಲ್ಲಲ್ರಿ ಅತ್ಯಾ. ಅದರಾಗ ಸಾಯೂದಿಲ್ಲೇನು ಜೀವ?"

"ಅದು ಹೊಟ್ಟಿಗಿ. ಇದು ಯಾತಕ್ಕ?"

ಮನೆಯಲ್ಲಿ ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಸ್ಟೀಲಿನ ಪೀಪಾಯಿ ಸಾಲಾಗಿ ನಿಂತಿದ್ದವು. ಈ ಹರವಿಯಲ್ಲಿ ಯಾರೂ ನೀರು ತುಂಬುವವರಿಲ್ಲ, ಕಾಳು ತುಂಬುವವರಿಲ್ಲ. ಅದು ಒಳಗೆ ಕಪ್ಪು ಹೊರಗೆ ಕೆಂಪು ಆಗಬೇಕು, ಅಷ್ಟೇ. ಇದನ್ನು ಅತ್ತೆಗೆ ಹೇಗೆ ಹೇಳುವುದು? ಅವತ್ತು ಊಟಕ್ಕೆ ಕೂತಾಗ ಸೋನಾಬಾಯಿ ಬೆಲ್ಲ ಸರಿಸಿದಳು. "ಈಕಿ ಮಣ್ಣು ಬಿಡೂತನಕ ಇದು ನನಗ ತ್ಯಾಗ."

ಆ ಹರವಿಯ ತಳ ಒಡೆದಿತ್ತು. ಎರಡನೆಯದು ಒಳಗೂ ಕೆಂಪಾಗಿಯೇ ಹುಟ್ಟಿತು. ಮೂರನೆಯದಕ್ಕೆ ಅಕಾಲದ ಮಳೆ ಬಿತ್ತು. ಒಂದು ವರ್ಷ ನೆಂಟರ ಮಕ್ಕಳ ಮುಂಜಿ-ಮದುವೆ ಅಂತ ತಿರುಗಾಟದಲ್ಲೇ ಹೋಯಿತು. ಮತ್ತೆ ಸುಟ್ಟಳು, ಅದು ಹೊಗೆ ಹಿಡಿದು ಬೂದುಬಣ್ಣಕ್ಕೆ ತಿರುಗಿತು. ಐದನೆಯದು ಇನ್ನೇನು ಬಂತು ಎನ್ನುವಾಗ ಬಾಯಂಚಿನಿಂದ ಹೊಟ್ಟೆಯವರೆಗೆ ಸೀಳಿತು. ಮಣ್ಣಿಗೆ ಬೂದಿ ಹೆಚ್ಚು ಹಾಕಿ ನೋಡಿದಳು, ಕತ್ತೆ ಲದ್ದಿ ಬೆರೆಸಿ ನೋಡಿದಳು, ಕುಳ್ಳಿನ ಜೊತೆ ಕಬ್ಬಿನ ಒಣಗಿದ ಸೋಗೆ, ರವದಿ ಸುಟ್ಟಳು, ತಂಬಾಕಿನ ಕಡ್ಡಿ ಸುಟ್ಟಳು. ಪ್ರತಿ ಸಲ ಸೋಲು, ಪ್ರತಿ ಸಲ ಅತ್ತೆಯ ತಾಟಿನಲ್ಲಿ ಒಂದು ಕಡಿಮೆ. ಅತ್ತೆ-ಸೊಸೆ ಇಬ್ಬರೂ ಒಂದು ಕೆಟ್ಟ ಮಾತು ಆಡಿದವರಲ್ಲ. ಒಬ್ಬರನ್ನೊಬ್ಬರು ಸೋಲಿಸಲು ಅವರಿಗೆ ಮಾತು ಬೇಕಾಗಿರಲಿಲ್ಲ.

ದಾದಾಸಾಹೇಬ ಪಾಪದ ಮನುಷ್ಯ. ಮನೆಯಲ್ಲಿ ಬಿಸಿಯಾದರೆ ಕಬ್ಬಿಗೆ ನೀರು ಬಿಡುವ ನೆಪ ಮಾಡಿ ಹೊಲಕ್ಕೆ ಜಾರುವವನು. ತೊಂಬತ್ಮೂರರ ಜನವರಿಯಲ್ಲಿ ಅವನೂ ಜಾರಲಾಗದೆ ನಿಂತ. ಅಡುಗೆಮನೆಯ ಬಾಗಿಲಿಗೆ ಬಂದು ಸಣ್ಣ ದನಿಯಲ್ಲಿ, "ಅವ್ವನ ಕುಪ್ಪಸದ ತೋಳು ನೋಡಿಯೇನು? ಒಳಗ ಇನ್ನೊಂದ ಕೈ ಹಿಡೀತೈತಿ. ಉಳದದ್ದು ಉಪ್ಪೊಂದ. ಅದನ್ನೂ ಬಿಟ್ಳಂದ್ರ ಏನ್ ಮಾಡೂದು, ನೀನ ಹೇಳು," ಎಂದ.

ಮಂಗಲ ರೊಟ್ಟಿ ಹಂಚಿನಿಂದ ತೆಗೆದು ಒಲೆ ಸಣ್ಣ ಮಾಡಿದಳು. ಅತ್ತೆಯ ತೋಳನ್ನು ಅವಳೂ ನೋಡಿದ್ದಳು, ನೋಡದ ಹಾಗೆ ಇದ್ದಳು ಅಷ್ಟೇ. ಪಡಸಾಲೆಗೆ ಹೋಗಿ ಜಪದ ಮಣಿ ಎಣಿಸುತ್ತಿದ್ದ ಸೋನಾಬಾಯಿಯ ಎದುರು ಕೂತಳು.

"ಅತ್ಯಾ, ಇನ್ನೊಂದ ಹರವಿ ಸುಡ್ತೀನ್ರಿ. ಒಂದ. ಆತು, ಛಲೋ ಆತು. ಆಗಲಿಲ್ಲಂದ್ರ ಇನ್ನ ಮಣ್ಣ ಮುಟ್ಟೂದಿಲ್ಲ. ಆಣಿ ಮಾಡಿ ಹೇಳಾಕತ್ತೀನಿ."

ಮಣಿ ನಿಂತವು. "ಆದ್ರ?" ಎಂದಳು ಸೋನಾಬಾಯಿ.

"ಆದ್ರ ಬಿಡಾಕ ಆಗೂದಿಲ್ರಿ ನನಗ."

ಸೋನಾಬಾಯಿ ಸೊಸೆಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. ಮತ್ತೆ ಮಣಿ ಸರಿಯತೊಡಗಿದವು. ಅವತ್ತು ಊಟದಲ್ಲಿ ಉಪ್ಪು ಸರಿಸಿದಳು.

ಈ ಆರನೆಯ ಹರವಿಗೆ ಮಂಗಲ ಹನ್ನೊಂದು ದಿನ ತೆಗೆದುಕೊಂಡಳು. ಮಣ್ಣನ್ನು ಕಡಲೆ ಗಾತ್ರದ ಹರಳೂ ಉಳಿಯದಂತೆ ಸೋಸಿ, ತುಳಿದು, ನಾದಿ, ಒದ್ದೆ ಗೋಣಿಯಲ್ಲಿ ಸುತ್ತಿ ಮಲಗಿಸಿದ್ದಳು. ದಿನಕ್ಕೆ ನಾಲ್ಕು ಸುತ್ತು ಬತ್ತಿ, ಅದಕ್ಕಿಂತ ಹೆಚ್ಚಿಲ್ಲ. ಕೆಳಗಿನ ಸುತ್ತು ಬಿಗಿಯಾಗದೆ ಮೇಲಿನದು ಏರಿಸಿದರೆ ಹೊಟ್ಟೆ ಜೋಲುತ್ತದೆ, ಅವಸರ ಮಾಡಿ ಎರಡು ಸಲ ಪೆಟ್ಟು ತಿಂದಿದ್ದಳು. ಬಗ್ಗಿ, ಎಡಗೈಯಲ್ಲಿ ಕಲ್ಲು ಒಳಗೆ ಹಿಡಿದು, ಬಲಗೈಯಿಂದ ತಟ್ಟುತ್ತ ಹಿಮ್ಮುಖವಾಗಿ ಸುತ್ತು ಹಾಕುವಳು. ಹರವಿ ಅವಳ ಸೊಂಟದೆತ್ತರ ಬಂದಾಗ ನೆಲದಲ್ಲಿ ಅವಳ ಹೆಜ್ಜೆಯ ದುಂಡನೆ ದಾರಿ ಬಿದ್ದಿತ್ತು. ಕೆಮ್ಮಣ್ಣಿನ ನೀರು ಬಳಿದು, ಹೊಳೆಯ ನುಣುಪು ಕಲ್ಲಿನಿಂದ ಎರಡು ದಿನ ಉಜ್ಜಿದಳು. ಸೋನಾಬಾಯಿ ಬಾವಿಗೆ ಹೋಗುವಾಗ ಬರುವಾಗ ಅದೇ ದಾರಿಯಲ್ಲಿ ಹಾಯುತ್ತಿದ್ದಳು. ಒಂದು ದಿನ ನಿಂತು ನೋಡಿದಳು ಕೂಡ. ಕೊಡವನ್ನು ಸೊಂಟ ಬದಲಿಸಿಕೊಂಡು ಹೋದಳು.

ಸುಡುವ ದಿನ ಗಾಳಿ ಇರಲಿಲ್ಲ. ಮಂಗಲಗೆ ಬೇಕಾಗಿದ್ದೂ ಅದೇ. ಹೊತ್ತು ಮೂಡುವಾಗ ಗಂಡನ ಕೈಹಿಡಿಸಿ ಹರವಿಯನ್ನು ತಗ್ಗಿನಲ್ಲಿ ಭತ್ತದ ಹೊಟ್ಟಿನ ಹಾಸಿನ ಮೇಲೆ ಬೋರಲಿಟ್ಟಳು. ಒಳಗೆಲ್ಲ ಹೊಟ್ಟು ತುಂಬಿತ್ತು. ಬಾಯಿಯ ಸುತ್ತ ಹಸಿ ಬೂದಿ ಮೆತ್ತಿ, ಮೇಲೆ ಕುಳ್ಳು ಗೂಡುಗಟ್ಟಿ, ರವದಿ ಹೊದಿಸಿ ಬೆಂಕಿ ಹಚ್ಚಿದಳು. ಮಧ್ಯಾಹ್ನದ ತನಕ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಎಲ್ಲಿ ಉರಿ ಮೇಲೆದ್ದಿತೋ ಅಲ್ಲಿ ಬೂದಿ ಚೆಲ್ಲಿದಳು, ಎಲ್ಲಿ ಮಂಕಾಯಿತೋ ಅಲ್ಲಿ ಕುಳ್ಳು ಇಟ್ಟಳು. ಮೂರು ಗಂಟೆಯ ಸುಮಾರಿಗೆ ಉರಿ ಇಳಿಯಿತು. ಬೂದಿಯ ದಿಬ್ಬದ ನಡುವೆ ಹರವಿಯ ಬೆನ್ನು ಕಂಡಿತು. ಕೆಂಪು! ಎಲ್ಲೂ ಸೀಳಿಲ್ಲ, ಕಲೆಯಿಲ್ಲ. ಇನ್ನು ಒಳಗಿನ ಕಪ್ಪು ಉಳಿಯಿತು. ಮರುದಿನ ಬೆಳಿಗ್ಗೆಯ ತನಕ ಅದನ್ನು ಯಾರೂ ಅಲ್ಲಾಡಿಸದಿದ್ದರೆ ಸಾಕು.

ಆದರೆ ಆ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಊಟವಾಗಬೇಕು. ನಾಲ್ಕೂವರೆಗೆ ಒಲೆ ಹೊತ್ತಿಸದಿದ್ದರೆ ಎಲ್ಲರೂ ಉಪವಾಸ. ದಾದಾಸಾಹೇಬ ಗಾಣದ ಕಡೆ ಹೋಗಿದ್ದ. ಹಿತ್ತಲಲ್ಲಿ ಎಮ್ಮೆಯೊಂದು ಹಗ್ಗ ಎಳೆಯುತ್ತಿತ್ತು.

"ಅತ್ಯಾ, ಒಂದ ತಾಸು ಇಲ್ಲಿ ಕುಂಡರ್ತೀರೇನ್ರಿ? ಎಮ್ಮಿ ಗಿಮ್ಮಿ ಬಂದು ತುಳದೀತು. ನಾ ಅಡಗಿ ಮಾಡಿ ಬಂದೆ."

ಹೀಗೆ ಕೇಳಿದ್ದು ಮೂರು ವರ್ಷದಲ್ಲಿ ಮೊದಲ ಸಲ. ಸೋನಾಬಾಯಿ ಹ್ಞೂಂ ಎಂದು ಕಟ್ಟೆಯ ಮೇಲೆ ಕೂತಳು.

ಬೇಳೆ ಬೆಂದು, ಎರಡನೆಯ ರೊಟ್ಟಿ ಹಂಚಿಗೆ ಬಿದ್ದಿತ್ತು. ಹಿತ್ತಲಿನಿಂದ ಠಪ್ಪೆಂದು ಸದ್ದು ಬಂತು. ಕುಂಬಾರಿಕೆ ಮಾಡಿದವರಿಗೆ ಆ ಸದ್ದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಮಂಗಲ ಹಿಟ್ಟಿನ ಕೈಯಲ್ಲೇ ಓಡಿದಳು.

ಸೋನಾಬಾಯಿ ಬೂದಿಯಲ್ಲಿ ಮೊಣಕಾಲೂರಿ ಕೂತಿದ್ದಳು. ಪಕ್ಕದಲ್ಲಿ ನೆಲ ಅಗೆಯುವ ಕಬ್ಬಿಣದ ಹಾರಿ ಬಿದ್ದಿತ್ತು. ಹರವಿಯ ಒಂದು ಅಂಚನ್ನು ಅದರಿಂದ ಮೀಟಿ, ಕೆಳಗೆ ಇಟ್ಟಂಗಿ ತುರುಕಿದ್ದಳು. ಆ ಸಂದಿಯಲ್ಲಿ ಗಾಳಿ ನುಗ್ಗಿ ಒಳಗಿನ ಹೊಟ್ಟು ಭಗ್ಗನೆ ಹೊತ್ತಿಕೊಂಡಿತ್ತು. ಹರವಿ ತಳದಿಂದ ಬಾಯಿಯವರೆಗೆ ಎರಡು ಹೋಳಾಗಿತ್ತು. ಮುದುಕಿ ಕೆನ್ನೆ ನೆಲಕ್ಕೆ ಹಚ್ಚಿ ಸಂದಿಯೊಳಗೆ ಇಣುಕುತ್ತಿದ್ದಳು. ಬಲ ಅಂಗೈ ಸುಟ್ಟು ಕೆಂಪಾಗಿತ್ತು.

"ಏನೂ ಇಲ್ಲ ಒಳಗ," ಎಂದಳು. "ಬರೇ ಬೆಂಕಿ."

ಮಂಗಲ ಮೂರು ವರ್ಷ ಹೊಟ್ಟೆಗೆ ಹಾಕಿಕೊಂಡಿದ್ದೆಲ್ಲ ಒಂದೇ ಮಾತಿನಲ್ಲಿ ಬಂತು. "ಬೇಕಂತ ಮಾಡೀರಿ."

"ಸಪ್ಪಳ ಕೇಳ್ತು. ಚೀಂವ್ ಚೀಂವ್ ಅಂತ. ಇಣಚಿ ಮರಿ ಅಳೂ ಹಂಗ."

"ಮುಂಜಾನಿಂದ ಉರದ ಬೆಂಕ್ಯಾಗ ಇಣಚಿ ಮರಿ ಅಳ್ತೈತೇನ್ರಿ?"

ಅಳಿಲು ಮರಿಯ ಈ ಪ್ರಶ್ನೆಗೆ ನೀವು ನಾವು ಏನು ಹೇಳುತ್ತೇವೋ ಅದನ್ನೇ ಸೋನಾಬಾಯಿಯ ಬುದ್ಧಿಯೂ ಹೇಳಿರಬೇಕು. ಆದರೂ ಆಕೆ ಹಾರಿ ಎತ್ತಿದ್ದಳು. ಅತ್ತೆ ಎದ್ದು, ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಅಡುಗೆಮನೆಯಿಂದ ರೊಟ್ಟಿ ಕರಕಾದ ವಾಸನೆ ಬರುತ್ತಿತ್ತು.

ಮಂಗಲ ಮಾತಿಗೆ ತಪ್ಪುವವಳಲ್ಲ. ಮರುದಿನ ಬೆಳಿಗ್ಗೆ ಹಲಗೆ, ಗುಂಡುಕಲ್ಲು, ಸೋಸುವ ಜರಡಿ ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಎಸೆದಳು. ಮಿಕ್ಕಿದ್ದ ಮಣ್ಣನ್ನು ದನದ ಕೊಟ್ಟಿಗೆಯ ಗುಂಡಿಗೆ ಸುರಿದಳು. ಸ್ನಾನ ಮಾಡಿ, ಹೆರಳು ಹಾಕಿಕೊಂಡು, ಅಡುಗೆಗೆ ನಿಂತಳು. ಕೈಯ ಗೆರೆಗಳಲ್ಲಿ ಸೇರಿದ್ದ ಕೆಂಪು ಎರಡು ಸಲ ತಿಕ್ಕಿದರೂ ಹೋಗಲಿಲ್ಲ.

ಬೆಳಗಿನ ಊಟಕ್ಕೆ ಸೋನಾಬಾಯಿಯ ತಾಟಿನಲ್ಲಿ ಎಲ್ಲ ಇತ್ತು. ಉಪ್ಪು ಹಾಕಿದ ಬೇಳೆ, ಎಣ್ಣೆಯ ಒಗ್ಗರಣೆಯ ಪಲ್ಯ, ವಾಟಿಯಲ್ಲಿ ಕೆನೆಮೊಸರು, ಲೋಟದಲ್ಲಿ ಹಾಲು, ರೊಟ್ಟಿಯ ಮೇಲೆ ತುಪ್ಪ, ಅಂಚಿನಲ್ಲಿ ಹೊಸ ಬೆಲ್ಲದ ಉಂಡೆ.

"ಮಣ್ಣ ಬಿಟ್ಟೀನ್ರಿ. ನಿಮ್ಮ ತ್ಯಾಗ ಮುಗೀತು. ಊಟಾ ಮಾಡ್ರಿ," ಎಂದಳು ಮಂಗಲ. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಅದೇ ಹೆಚ್ಚು ಚುಚ್ಚುವಂತಿತ್ತು.

ಸೋನಾಬಾಯಿ ತಾಟನ್ನು ನೋಡುತ್ತ ಕೂತಳು. ಎಷ್ಟೋ ದಿನದ ಮೇಲೆ ತನ್ನದೇ ತಾಟಿನಿಂದ ತುಪ್ಪದ ವಾಸನೆ ಮೂಗಿಗೆ ಬಡಿದಿತ್ತು. ಸುಟ್ಟ ಕೈಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿತ್ತು, ಎಡಗೈಯಿಂದಲೇ ತಾಟನ್ನು ಇಡಿಯಾಗಿ ಮುಂದಕ್ಕೆ ತಳ್ಳಿ ಎದ್ದಳು. ಅವತ್ತು ಬರೀ ನೀರು ಕುಡಿದಳು. ಮರುದಿನವೂ ಅಷ್ಟೇ. ದಾದಾಸಾಹೇಬ ತಾಯಿಯ ಹತ್ತಿರ ಹೋಗಿ ಕೈಮುಗಿದ, ಹೆಂಡತಿಯ ಹತ್ತಿರ ಬಂದು ನಿಂತ. ಯಾರಿಂದಲೂ ಉತ್ತರ ಸಿಗದೆ, ನೀರು ಕುಡಿದು ಸಾಕಾಗಿದ್ದ ಕಬ್ಬಿಗೆ ಮತ್ತೆ ನೀರು ಬಿಡಲು ಹೋದ.

ಮಂಗಲ ಹೊರಗೆ ಗಟ್ಟಿಯಾಗಿದ್ದಳು, ಒಳಗೆ ಬೇಯುತ್ತಿದ್ದಳು. ಬೇಕಂತಲೇ ಮಾಡಿದರು ಎಂದು ಒಮ್ಮೆ ಅನ್ನಿಸುತ್ತಿತ್ತು. ಬೇಕಂತ ಮಾಡುವವರು ಕೈ ಸುಟ್ಟುಕೊಂಡು ಒಳಗೆ ಇಣುಕುತ್ತಾರೆಯೇ ಎಂದು ಇನ್ನೊಮ್ಮೆ. ಎರಡನೆಯ ದಿನ ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದಾಗ ಶಿವಗಂಗವ್ವನ ಮಾತು ಥಟ್ಟನೆ ನೆನಪಾಯಿತು. ಹೊಟ್ಟು ಅಳ್ತೈತಿ. ಅವಳ ಕೈ ಮೊರದಲ್ಲೇ ನಿಂತಿತು. ಚೀಂವ್ ಚೀಂವ್ ಎಂದದ್ದು ಹೊಟ್ಟು! ಅತ್ತೆ ಕೇಳಿದ್ದು ಸುಳ್ಳಲ್ಲ. ಆ ಸದ್ದು ಬರುತ್ತದೆಂದು ಈ ಮನೆಯಲ್ಲಿ ಗೊತ್ತಿದ್ದದ್ದು ತನಗೊಬ್ಬಳಿಗೇ, ಮತ್ತು ಮೂರು ವರ್ಷದಲ್ಲಿ ತಾನು ಅತ್ತೆಗೆ ಆ ಬೆಂಕಿಯ ಬಗ್ಗೆ ಒಂದಕ್ಷರ ಹೇಳಿರಲಿಲ್ಲ. ಕಾಯಲು ಕೂರಿಸಿ, ಏನು ಕಾಯಬೇಕೆಂದು ಹೇಳದೆ ಹೋಗಿದ್ದಳು. ಮಂಗಲಗೆ ನಾಚಿಕೆಯಾಯಿತು. ಆದರೂ ಒಂದು ಮುಳ್ಳು ಉಳಿಯಿತು. ಸದ್ದು ನಿಜವಿರಬಹುದು. ಆದರೆ ಅದು ನೆಪವೂ ಆಗಿದ್ದೀತಲ್ಲ?

ಮೂರನೆಯ ದಿನ ಇಳಿಹೊತ್ತಿನಲ್ಲಿ ಸೋನಾಬಾಯಿ ಪಡಸಾಲೆಯಲ್ಲಿ ಇರಲಿಲ್ಲ. ಮಂಗಲ ಹಿತ್ತಲಿಗೆ ಬಂದು ನೋಡಿದರೆ ಮುದುಕಿ ತಗ್ಗಿನ ಅಂಚಿನಲ್ಲಿ ಕೂತು ಹರವಿಯ ಚೂರುಗಳನ್ನು ಒಂದೊಂದಾಗಿ ಮೊರದಲ್ಲಿ ಇಡುತ್ತಿದ್ದಳು. ಇಟ್ಟಂಗಿ ತುರುಕಿದ ಕಡೆಯ ಹೋಳು ಒಳಗೆ ಬೂದುಕಂದಾಗಿತ್ತು. ಇನ್ನೊಂದು ಕಡೆ, ಕೊನೆಯ ತನಕ ಹೊಟ್ಟಿನಲ್ಲಿ ಹೂತಿದ್ದ ಕಡೆಯದು, ಹೊರಗೆ ಕೆಂಪು, ಒಳಗೆ ಕಾಡಿಗೆಯ ಕಪ್ಪು. ಸೋನಾಬಾಯಿ ಹೆಬ್ಬೆರಳಿನಿಂದ ಆ ಕಪ್ಪನ್ನು ಸವರಿದಳು.

"ಇದು ಆಗಿತ್ತಲ್ಲ?" ಎಂದಳು.

ಮಂಗಲ ಬಂದು ಎದುರು ಕೂತಳು. ಚೂರನ್ನು ಮುಟ್ಟಲಿಲ್ಲ. "ಹೌದ್ರಿ. ಆಗಿತ್ತು."

"ಮಣ್ಣ ಸೋತರ ಬಿಡ್ತೀನಿ ಅಂದಿದ್ದಿ. ಮಣ್ಣ ಸೋತಿಲ್ಲ. ಕೆಡಿಸಿದಾಕಿ ನಾನು. ಈ ಹರವಿ ಎಣಿಕ್ಯಾಗ ಬರೂದಿಲ್ಲ." ಮೂರು ದಿನದ ಉಪವಾಸಕ್ಕೆ ದನಿ ಸಣ್ಣಗಾಗಿತ್ತು, ಆದರೆ ಗಟ್ಟಿ ಇತ್ತು. "ಹಂಗಂತ ಗೊತ್ತಿದ್ದೂ ನೀ ಬಡಿಸಿದ್ದನ್ನ ಉಂಡ್ರ ಸುಳ್ಳ ಉಂಡಂಗ. ಇನ್ನೊಂದ ಮಾಡು."

ಮಂಗಲ ಏನು ಕೇಳುತ್ತಿದ್ದೇನೆಂದು ನಂಬಲಾರದೆ ನೋಡಿದಳು. "ನಿಮಗ ಇದು ಪಾಪ ಅಲ್ಲೇನ್ರಿ?"

"ಪಾಪಾನ. ಇದು ಯಾತಕ್ಕ ಬೇಕಂತ ನನಗ ಇನ್ನೂ ತಿಳದಿಲ್ಲ. ಆದರ ನಾ ಮಾಡಿದ್ದು ಛಲೋ ಇತ್ತೇನು? ಬೆಲ್ಲ ಬಿಟ್ಟೆ, ತುಪ್ಪ ಬಿಟ್ಟೆ. ಮಹಾವೀರ ಸ್ವಾಮಿಗಂತ ಬಿಟ್ನೇನು? ನಿನ್ನ ಮಣಿಸಾಕ ಬಿಟ್ಟೆ. ದಿನಾ ಬರೇ ತಾಟ ತೋರ್ಸಿ ನಿನ್ನ ಸುಟ್ಟೀನಿ. ಅದೂ ಹಿಂಸಾನವಾ."

"ಹಂಗಾರ ಬಿಟ್ಟಬಿಡ್ರಿ ಅತ್ಯಾ ಈ ತ್ಯಾಗ," ಎಂದಳು ಮಂಗಲ ಅವಸರದಲ್ಲಿ. "ನೀವು ಉಣ್ರಿ, ನಾ ಮಣ್ಣ ಹಿಡೀತೀನಿ."

ಸೋನಾಬಾಯಿ ತಲೆಯಲ್ಲಾಡಿಸಿದಳು. "ಬಾಯಿಲೆ ಅಂದಿದ್ದನ್ನ ಮುರಿಯಾಕ ಬರೂದಿಲ್ಲ. ಸಿಟ್ಟಿನಾಗ ಹಿಡದೀನಿ, ಇನ್ನ ಸಮಾಧಾನದಿಂದ ನಡಸ್ತೀನಿ. ನನಗೂ ರೂಢಿ ಆಗೇತಿ. ನೀ ಅದನ್ನ ತಲೀಗಿ ಹಚಿಗೋಬ್ಯಾಡ."

ತಲೆಗೆ ಹಚ್ಚಿಕೊಳ್ಳದಿರುವುದು ಹೇಗೆ? ಇನ್ನು ಮುಂದೆ ಮಂಗಲ ಎಬ್ಬಿಸುವ ಪ್ರತಿ ಹರವಿಗೂ ಈ ಮುದುಕಿಯ ಸಪ್ಪೆ ತಾಟು ಅಂಟಿಕೊಂಡಿರುತ್ತದೆ. ಗೆದ್ದೆ ಎನ್ನುವ ಹಾಗಿಲ್ಲ. ಆದರೂ ಒಳಗೆ ಎಲ್ಲೋ ಸಂತೋಷ ಉಕ್ಕುತ್ತಿತ್ತು, ಅದನ್ನು ಮುಚ್ಚಿಡುವ ಶಕ್ತಿಯೂ ಅವಳಿಗಿರಲಿಲ್ಲ. ಕೈ ಆಗಲೇ ಮಣ್ಣು ಬೇಡುತ್ತಿತ್ತು.

"ಅತ್ಯಾ, ಅವತ್ತ ನೀವು ಕೇಳಿದ್ದು ಹೊಟ್ಟಿನ ಸಪ್ಪಳರಿ. ಒಳಗ ಕಮರೂವಾಗ ಹಂಗ ಅಳ್ತೈತಿ. ನನಗ ಗೊತ್ತಿತ್ತು, ನಿಮಗ ಹೇಳಿರಲಿಲ್ಲ."

"ನಾನೂ ಕೇಳಿರಲಿಲ್ಲ," ಎಂದಳು ಸೋನಾಬಾಯಿ.

"ಈಗ ಗೊತ್ತಾತಲ್ರಿ." ಆ ಮುಳ್ಳು ಇನ್ನೂ ಇತ್ತು, ಅದನ್ನು ಕಿತ್ತು ನೋಡದೆ ಮಂಗಲಗೆ ಗತಿಯಿರಲಿಲ್ಲ. "ಮುಂದಿನ ಸಲ ಹಂಗ ಸಪ್ಪಳ ಬಂತಂದ್ರ ಸುಮ್ಮ ಕುಂಡರ್ತೀರಲ್ಲ?"

ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ರಾಜಿ ಮುಗಿಯುತ್ತಿತ್ತು. ಸೋನಾಬಾಯಿ ಹೂಂ ಎನ್ನಲಿಲ್ಲ. ಬಟ್ಟೆ ಸುತ್ತಿದ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಬೂದಿಯನ್ನು ನೋಡುತ್ತ, ಲೆಕ್ಕಕ್ಕೆ ಕೂತವಳಂತೆ ಬಹಳ ಹೊತ್ತು ಯೋಚನೆ ಮಾಡಿದಳು.

"ಇಲ್ಲವಾ," ಎಂದಳು ಕೊನೆಗೆ. "ಹೊಟ್ಟ ಅಳಾಕತ್ತೇತೋ ಜೀವ ಅಳಾಕತ್ತೇತೋ, ಹೊರಗ ಕುಂತಾಕಿಗಿ ಹೆಂಗ ತಿಳೀಬೇಕು? ಸುಳ್ಯಾಕ ಹೇಳ್ಲಿ. ಎತ್ತತೀನಿ."

ಮಂಗಲಳ ಮುಳ್ಳು ಅಲ್ಲೇ ಕಳಚಿತು. ಸೊಸೆಯ ಕೆಲಸ ಕೆಡಿಸಬೇಕೆಂದು ಮಾಡಿದವರು ಯಾರೂ ಈ ಉತ್ತರ ಕೊಡುವುದಿಲ್ಲ. ತಾನು ಆಡಿದ ಮಾತು ನೆನೆದು ಅವಳಿಗೆ ಅಳು ಬಂತು, ಮುದುಕಿಯ ಹಠ ಕಂಡು ನಗುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು.

"ಬೇಕಂತ ಮಾಡೀರಿ ಅಂದ್ನಿ ನಾ ನಿಮಗ."

"ಅಂದಿ," ಎಂದಳು ಸೋನಾಬಾಯಿ. "ನಿನ್ನ ಜಾಗಾದಾಗ ನಾ ಇದ್ರ ಇನ್ನೂ ನಾಕ ಅಂತಿದ್ನಿ."

"ಹಂಗಾರ ಹಿಂಗ ಮಾಡೂಣ್ರಿ. ಈ ಸಲ ಹೊಟ್ಟ ನೀವ ತುಂಬ್ರಿ, ಕುಳ್ಳ ನೀವ ಆರಿಸ್ರಿ. ನಿಮ್ಮ ಕಣ್ಣಿಗಿ ಎಲ್ಲಾ ಹಸನ ಕಂಡ ಮ್ಯಾಲ ಬೆಂಕಿ. ಆಮ್ಯಾಲೂ ಎತ್ತಬೇಕಂತ ಅನಸ್ತಂದ್ರ..." ಮಂಗಲ ಬಟ್ಟೆ ಸುತ್ತಿದ ಆ ಕೈಯನ್ನು ನೋಡಿದಳು. "ಅನಸ್ತಂದ್ರ ನನ್ನ ಕರೀರಿ. ಇಬ್ರೂ ಕೂಡಿ ಎತ್ತೂಣು. ನಿಮ್ಮ ಕೈಯಾದ್ರೂ ಉಳೀತೈತಿ."

ಸೋನಾಬಾಯಿ ಅದಕ್ಕೆ ಒಪ್ಪಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಪಡುವಣದ ಕಡೆ ನೋಡಿ, "ಏಳು, ಹೊತ್ತು ಮುಣಗಾಕ ಬಂತು. ಹಸಿವಿ ಆಗೇತಿ ನನಗ," ಎಂದಳು.

ಮಂಗಲ ಕೈಹಿಡಿದು ಅವಳನ್ನು ಎಬ್ಬಿಸಿದಳು. ಆ ತೋಳು ಎಷ್ಟು ಹಗುರವಾಗಿದೆ ಎಂದು ಈಗ ಗೊತ್ತಾಯಿತು. ಅಡುಗೆಮನೆಯಲ್ಲಿ ಬೇಳೆ ಎರಡು ಪಾತ್ರೆಗೆ ಬಗ್ಗಿಸಿ, ಒಂದಕ್ಕೆ ಉಪ್ಪು ಹಾಕಿದಳು, ಒಂದಕ್ಕೆ ಹಾಕಲಿಲ್ಲ. ಹಾಕದ ಬೇಳೆಯನ್ನು ಒಣ ರೊಟ್ಟಿಯ ಜೊತೆ ಅತ್ತೆಯ ತಾಟಿಗೆ ತನ್ನ ಕೈಯಾರೆ ಬಡಿಸಿದಳು. ಸೋನಾಬಾಯಿ ಎಡಗೈಯಲ್ಲಿ ರೊಟ್ಟಿ ಮುರಿದು ಮೊದಲ ತುತ್ತು ತಿಂದಳು. ಅವಳು ಊಟ ಮುಗಿಸಿ ಏಳುವ ತನಕ ಮಂಗಲ ಎದುರಿಗೇ ಕೂತಿದ್ದಳು. ಆಮೇಲೆ ಗೋಣಿ ಇಳಿಸಲು ಅಟ್ಟಕ್ಕೆ ಏಣಿ ಹಚ್ಚಿದಳು.